ಪೆಟ್ಟಿಗೆ ಇರೋ ಜಾಗ ಬೇರೆ, ಗಾಡಿಯ ಬಾಲ ಬೇರೆ: ಮಿಷಿಗನ್ನಿಗೆ ಹೊರಟ ಮುಧೋಳದ ತಮ್ಮನಿಗೆ

ತಮ್ಮಾ, ಬೆಳಗಾವಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಹತ್ತಿರ ಕನೆಕ್ಟೆಡ್ ವಾಹನಗಳ, ಅಂದರೆ ರೇಡಿಯೋದಲ್ಲಿ ಒಂದಕ್ಕೊಂದು ಮಾತಾಡುವ ಗಾಡಿಗಳ, ಪರೀಕ್ಷೆಯ ಕೆಲಸಕ್ಕೆ ಸೇರುತ್ತಿದ್ದೇನೆ ಅಂತ ಬರೆದಿದ್ದಿ. ಚಳಿ ಹೆಂಗ, ಊಟ ಹೆಂಗ, ಕೆಲಸದಾಗ ಮೊದಲು ಏನು ಕಲೀಬೇಕು, ಇದೆಲ್ಲ ನಮ್ಮ ಕಬ್ಬಿನ ಟ್ರ್ಯಾಕ್ಟರಿಗೆ ಯಾವತ್ತರ ಬರತದೇನು ಅಂತ ಕೇಳಿದ್ದಿ. ಕೊನೆಯ ಪ್ರಶ್ನೆ ಓದಿದ ಮೇಲೆ ಉತ್ತರ ಬರೆಯಲೇಬೇಕು ಅನಿಸಿತು.

ಚಳಿಗೆ ಕೋಟು ಇಲ್ಲಿಗೆ ಬಂದೇ ತಗೋ. ಅಲ್ಲಿ ಕೊಂಡ ಸ್ವೆಟರ್ ಇಲ್ಲಿನ ಗಾಳಿಗೆ ಸಾಲದು. ನಾನು ಬಂದಿಳಿದದ್ದೂ ಅದೇ ತಿಂಗಳಲ್ಲಿ, ರಸ್ತೆಯೆಲ್ಲ ಉಪ್ಪು ಚೆಲ್ಲಿ ಬೆಳ್ಳಗಾಗಿತ್ತು. ಜೋಳದ ಹಿಟ್ಟು ಕ್ಯಾಂಟನ್, ನೋವೈ ಕಡೆಯ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಹಳೆಯ ಹಿಟ್ಟಾದರೆ ಬಡಿಯುವಾಗಲೇ ರೊಟ್ಟಿ ಹರಿಯುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಾ. ಎಷ್ಟು ಕಟ್ಟಬೇಕು ಅಂತ ನಿಮ್ಮ ಅವ್ವಗ ಯಾರೂ ಹೇಳಿಕೊಡಬೇಕಾಗಿಲ್ಲ. ಪಂಪ ಕನ್ನಡ ಕೂಟದವರು ಹಬ್ಬಗಳಿಗೆ ಸೇರುತ್ತಾರೆ, ಹೋಗಿ ಬಾ.

ಗಾಡಿ ಇಲ್ಲಿ ಬಲಕ್ಕೆ ಓಡುತ್ತದೆ. ಹೀಗಾಗಿ ಎದುರಿನ ಗಾಡಿಗಳ ಸಾಲು ಸೀಳಿಕೊಂಡು ತಿರುಗುವ ಅಪಾಯದ ತಿರುವು ಇಲ್ಲಿ ಎಡತಿರುವು, ನಮ್ಮಲ್ಲಿ ಬಲತಿರುವು. ಮಿಷಿಗನ್ನಿನ ಹಲವು ದೊಡ್ಡ ರಸ್ತೆಗಳಲ್ಲಿ ಚೌಕದಲ್ಲೇ ಎಡಕ್ಕೆ ಹೊರಳಲು ಬಿಡುವುದಿಲ್ಲ. ಮುಂದೆ ಹೋಗಿ ಡಿವೈಡರ್ ನಡುವಿನ ಜಾಗದಲ್ಲಿ ಯೂ-ಟರ್ನ್ ಹೊಡೆದು ಬರಬೇಕು. ಲೈಸೆನ್ಸಿಗೂ ಇದು ಬೇಕು, ಕೆಲಸಕ್ಕೂ ಬೇಕು. ನಿನ್ನ ಪರೀಕ್ಷೆಯ ಪಟ್ಟಿಯಲ್ಲಿ, ಎದುರಿನಿಂದ ಗಾಡಿ ಬರುತ್ತಿದೆ ಅಂತ ಕಾರು ಕೊಡುವ ಎಡತಿರುವಿನ ಎಚ್ಚರಿಕೆ ಇದ್ದೇ ಇರುತ್ತದೆ. ಆ ಎಚ್ಚರಿಕೆಯ ಸಾಫ್ಟ್‌ವೇರನ್ನು ಹಾಗೇ ಎತ್ತಿಕೊಂಡು ಹೋಗಿ ಬೆಳಗಾವಿಯಲ್ಲಿ ಇಟ್ಟರೆ ತಪ್ಪು ಬದಿ ನೋಡುತ್ತ ಕೂರುತ್ತದೆ.

ಇನ್ನು ಕೆಲಸ. ಪ್ರತಿ ಗಾಡಿಯಲ್ಲೂ ಒಂದು ರೇಡಿಯೋ ಪೆಟ್ಟಿಗೆ. ನಾನು ಎಲ್ಲಿದ್ದೇನೆ, ಎಷ್ಟು ವೇಗ, ಯಾವ ದಿಕ್ಕು, ಬ್ರೇಕ್ ಒತ್ತಿದ್ದೇನೋ ಇಲ್ಲವೋ, ನನ್ನ ಉದ್ದಗಲ ಎಷ್ಟು ಅಂತ ಅದು ಸೆಕೆಂಡಿಗೆ 10 ಸಲ 5.9 ಗಿಗಾಹರ್ಟ್ಜ್‌ನಲ್ಲಿ ಕೂಗಿ ಹೇಳುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎರಡು ಕೂಗಿನ ನಡುವೆ ಗಾಡಿ 2.8 ಮೀಟರ್ ಮುಂದೆ ಹೋಗಿರುತ್ತದೆ. ಮಿಷಿಗನ್ನಿನದೇ ಊರಾದ ಆನ್ ಆರ್ಬರ್‌ನಲ್ಲಿ 2012ರಲ್ಲಿ ಸುಮಾರು 2,800 ಗಾಡಿಗಳಿಗೆ ಇದನ್ನು ಕಟ್ಟಿ ನಿಜವಾದ ರಸ್ತೆಯಲ್ಲೇ ಓಡಿಸಿದರು. 2015ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯ 32 ಎಕರೆಯಲ್ಲಿ ಎಂಸಿಟಿ ಎಂಬ ಪರೀಕ್ಷಾ ಊರನ್ನೇ ಕಟ್ಟಿತು. ಈ ಪೆಟ್ಟಿಗೆಯನ್ನು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಮಾಡೋಣವೆಂಬ ಇಲ್ಲಿನ ಸರ್ಕಾರದ ಪ್ರಸ್ತಾವ 2017ರ ಜನವರಿಯಲ್ಲಿ ಬಂತು, ನಿಯಮವಾಗಲೇ ಇಲ್ಲ. 1999ರಲ್ಲಿ ರಸ್ತೆ ಸುರಕ್ಷತೆಗೆಂದು ಎತ್ತಿಟ್ಟ 75 ಮೆಗಾಹರ್ಟ್ಜ್ ಅಗಲದ ರೇಡಿಯೋ ತರಂಗದ ಪಟ್ಟಿಯಲ್ಲಿ 45ನ್ನು 2020ರಲ್ಲಿ ವೈಫೈ ಕಡೆಗೆ ಕೊಟ್ಟರು, ಉಳಿದದ್ದು 30. ವೈಫೈ ಜಾತಿಯ ಹಳೆಯ ಡಿಎಸ್‌ಆರ್‌ಸಿ ರೇಡಿಯೋ ಮತ್ತು ಮೊಬೈಲ್ ಫೋನಿನ ತಂತ್ರದಿಂದ ಬಂದ ಹೊಸ ಸೆಲ್ಯುಲಾರ್ ವಿಟುಎಕ್ಸ್ ರೇಡಿಯೋ ಒಂದೇ ಸಂದೇಶ ಹೇಳಿದರೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಪರೀಕ್ಷೆಗೆ ಹಳೆ ಗಾಡಿ ಕೊಟ್ಟರೆ ಒಳಗೆ ಯಾವ ರೇಡಿಯೋ ಇದೆಯೆಂದು ಮೊದಲು ನೋಡು. ಇಷ್ಟು ವರ್ಷ ಪರೀಕ್ಷೆ ನಡೆದೂ ಸಾಮಾನ್ಯರ ಕಾರಿಗೆ ಇದು ಬರಲಿಲ್ಲವಲ್ಲ ಅನ್ನುವ ನೋವು ಈ ಕೆಲಸದಲ್ಲಿರುವ ಎಲ್ಲರಿಗೂ ಇದೆ. ನಿನಗೂ ಅಂಟಿಕೊಳ್ಳುತ್ತದೆ.

ಮೊದಲು ಕಲಿಯಬೇಕಾದದ್ದು ಕೋಡ್ ಅಲ್ಲ, ಟೇಪು ಹಿಡಿಯುವುದು. ಸಂದೇಶದಲ್ಲಿ ಹೋಗಬೇಕಾದ ಜಾಗ ಗಾಡಿಯ ಉದ್ದಗಲದ ನಟ್ಟನಡುವಿನದು. ಜಿಪಿಎಸ್ ಅಳೆಯುವುದು ಆಂಟೆನಾ ಇರುವ ಜಾಗವನ್ನು. ಆಂಟೆನಾ ಛಾವಣಿಯ ಹಿಂಭಾಗದಲ್ಲಿದ್ದರೆ ಒಂದು ಒಂದೂವರೆ ಮೀಟರ್ ಅಲ್ಲೇ ಹೋಯಿತು. ಜಾಗದ ತಪ್ಪು ಒಟ್ಟಾರೆ ಒಂದೂವರೆ ಮೀಟರಿನಷ್ಟರಲ್ಲೇ ಇರಬೇಕೆನ್ನುವ ಲೆಕ್ಕವನ್ನು ಈ ಒಂದೇ ಅಳತೆ ನುಂಗಿಬಿಡುತ್ತದೆ. ಮುಂದಿನ ಬಂಪರ್‌ನಿಂದ ಆಂಟೆನಾಕ್ಕೆ, ಗಾಡಿಯ ನಡುಗೆರೆಯಿಂದ ಆಂಟೆನಾಕ್ಕೆ, ನೆಲದಿಂದ ಆಂಟೆನಾಕ್ಕೆ ಮೂರು ಅಳತೆ ತಗೋ. ಛಾವಣಿಯಿಂದ ನೆಲಕ್ಕೆ ಗೌಂಡಿಗಳು ಬಿಡುವ ತೂಕದ ದಾರವನ್ನೇ ಇಳಿಬಿಡು, ಕಣ್ಣಂದಾಜು ಬ್ಯಾಡ. ಇಲ್ಲಿನ ಅಂಗಡಿಯ ಟೇಪಿನಲ್ಲಿ ಹೆಚ್ಚಾಗಿ ಇಂಚು ಮಾತ್ರ ಇರುತ್ತದೆ, ಗಾಡಿಯ ಉದ್ದಗಲವನ್ನು ಪೆಟ್ಟಿಗೆ ಹೇಳುವುದು ಸೆಂಟಿಮೀಟರಿನಲ್ಲಿ. ಊರಿನಿಂದ ಒಂದು 5 ಮೀಟರ್ ಟೇಪು ತಂದುಕೋ.

ಅಳತೆಗಳನ್ನು ಪೆಟ್ಟಿಗೆಗೆ ತುಂಬಿದ ಮೇಲೆ ಸರ್ವೆ ಮಾಡಿ ಬಳಿದ ಗೆರೆಯ ಮೇಲೆ ಮುಂದಿನ ಬಂಪರ್ ನಿಲ್ಲಿಸಿ, ಪೆಟ್ಟಿಗೆ ಹೇಳುವ ಜಾಗವನ್ನು 10 ನಿಮಿಷ ದಾಖಲಿಸು. ಆಮೇಲೆ ಗಾಡಿಯನ್ನು ಪೂರ್ತಿ ತಿರುಗಿಸಿ, ಅದೇ ಗೆರೆಗೆ ಎದುರು ಬದಿಯಿಂದ ಬಂಪರ್ ತಂದು ಮತ್ತೆ ದಾಖಲಿಸು. ಹೆಚ್ಚಿನವರು ಬಿಡುವುದು ಈ ಎರಡನೆಯದನ್ನೇ. ತಪ್ಪು ಎರಡು ಸಲವೂ ನೆಲದ ಮೇಲೆ ಒಂದೇ ದಿಕ್ಕಿಗೆ ಬಿದ್ದರೆ ಅದು ಜಿಪಿಎಸ್ಸಿನದು. ಗಾಡಿಯ ಜೊತೆ ತಾನೂ ತಿರುಗಿದರೆ ಅದು ನಿನ್ನ ಅಳತೆಯದು. ಪ್ಲಸ್ ಇರಬೇಕಾದಲ್ಲಿ ಮೈನಸ್ ಬಿದ್ದಿದ್ದರೆ ತಪ್ಪು ಆ ಅಳತೆಯ ಇಮ್ಮಡಿಯಾಗಿರುತ್ತದೆ. ಗಾಡಿ ನಿಂತಾಗ ಜಿಪಿಎಸ್ ಹೇಳುವ ದಿಕ್ಕನ್ನಂತೂ ನಂಬಲೇಬೇಡ, ಹುಚ್ಚು ಹಿಡಿದಂತೆ ಸುತ್ತುತ್ತದೆ. ಕೊನೆಯ ಸರಿಯಾದ ದಿಕ್ಕನ್ನು ಪೆಟ್ಟಿಗೆ ಹಿಡಿದಿಟ್ಟುಕೊಂಡಿದೆಯೇ ನೋಡು.

ದಾಖಲೆ ಹೊಂದಿಸುವಾಗ ಕಾಲು ಜಾರಿ ಬೀಳುವ ಇನ್ನೆರಡು ಗುಂಡಿಗಳಿವೆ. ಜಿಪಿಎಸ್ ಸಮಯ ಯುಟಿಸಿಗಿಂತ, ಅಂದರೆ ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯಕ್ಕಿಂತ, 18 ಸೆಕೆಂಡ್ ಮುಂದಿದೆ. ಪೆಟ್ಟಿಗೆ ಜಿಪಿಎಸ್ ಸಮಯದಲ್ಲಿ, ಲ್ಯಾಪ್‌ಟಾಪ್ ಯುಟಿಸಿಯಲ್ಲಿ ಬರೆದರೆ ಡಿಕ್ಕಿ ಒಂದು ಕಡೆ, ಎಚ್ಚರಿಕೆ ಇನ್ನೊಂದು ಕಡೆ. ಮತ್ತೊಂದು, ಸಂದೇಶಗಳಿಗೆ 0ಯಿಂದ 127ರವರೆಗೆ ತಿರುಗುವ ಎಣಿಕೆ ಇರುತ್ತದೆ; ಎಷ್ಟು ಸಂದೇಶ ಕಳೆದವೆಂದು ಅದರಿಂದಲೇ ತಿಳಿಯುವುದು. ಆದರೆ ಯಾರೂ ಹಿಂಬಾಲಿಸಬಾರದೆಂದು, ಸಂದೇಶ ಅಸಲಿ ಎಂದು ತೋರಿಸುವ ಗಾಡಿಯ ಡಿಜಿಟಲ್ ಪ್ರಮಾಣಪತ್ರ ಸುಮಾರು 5 ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಆಗ ತಾತ್ಕಾಲಿಕ ಗುರುತೂ ಎಣಿಕೆಯೂ ಒಟ್ಟಿಗೆ ಹೊಸದಾಗುತ್ತವೆ. ದಡ್ಡ ಸ್ಕ್ರಿಪ್ಟ್ ಅದನ್ನು ಒಂದು ಗಾಡಿ ಮಾಯವಾಗಿ ಮತ್ತೊಂದು ಹುಟ್ಟಿತು ಅಂತ ಓದುತ್ತದೆ.

ಟ್ರಾಫಿಕ್ ಕಡಿಮೆ ಮಾಡುವ ಭಾಗ ಸಿಗ್ನಲ್ ಕಂಬದ್ದು. ಚೌಕದ ನಕ್ಷೆಯನ್ನೂ ದೀಪದ ಸ್ಥಿತಿಯನ್ನೂ ಕಂಬದ ಪೆಟ್ಟಿಗೆ ಕಳಿಸುತ್ತದೆ, ಎಷ್ಟು ವೇಗದಲ್ಲಿ ಹೋದರೆ ಹಸಿರು ಸಿಗುತ್ತದೆಂದು ಕಾರು ಲೆಕ್ಕ ಹಾಕುತ್ತದೆ. ಪ್ರತಿ ಲೇನಿನಲ್ಲೂ ಪ್ರತಿ ತಿರುವಿಗೂ ಗಾಡಿ ಓಡಿಸಿಯೇ ನೋಡಬೇಕು, ಏಕೆಂದರೆ ನಕ್ಷೆಯಲ್ಲಿ ಒಂದು ಲೇನಿಗೆ ಪಕ್ಕದ ಲೇನಿನ ದೀಪ ಅಂಟಿಸಿರುವುದು ಆಗಾಗ ಸಿಗುತ್ತದೆ. ಗಾಡಿ ಬಂದದ್ದು ನೋಡಿ ಬದಲಾಗುವ ಸಿಗ್ನಲ್‌ಗಳಲ್ಲಿ ಉಳಿದ ಸೆಕೆಂಡು ಜಿಗಿಯುತ್ತದೆ. ಅದು ದೋಷವಲ್ಲ, ಸಿಗ್ನಲ್ಲಿಗೇ ಮುಂದಿನದು ಗೊತ್ತಿರುವುದಿಲ್ಲ.

ಈಗ ಕಬ್ಬಿನ ಟ್ರ್ಯಾಕ್ಟರು. ಮುಧೋಳ, ಜಮಖಂಡಿ ಕಡೆ ಫ್ಯಾಕ್ಟರಿ ಶುರುವಾದ ಮೇಲೆ ರಾತ್ರಿ ರಸ್ತೆ ಹೆಂಗಿರತದ ಅಂತ ನಿನಗೆ ಹೇಳಬೇಕೇ? ಎರಡು ಟ್ರೇಲರ್, ಹಿಂದೆ ಜೋತ ಕಬ್ಬು, ದೀಪ ಇಲ್ಲ. ಪೆಟ್ಟಿಗೆಯನ್ನು ಟ್ರ್ಯಾಕ್ಟರಿಗೆ ಕಟ್ಟಿದೆ ಅನ್ನು. ಅದು ಹೇಳುವ ಉದ್ದ ಟ್ರ್ಯಾಕ್ಟರಿನದು ಮಾತ್ರ. ಟ್ರೇಲರ್‌ಗಳ ವಿವರ ಸಂದೇಶದ ಐಚ್ಛಿಕ ಭಾಗದಲ್ಲಿ ಹೋಗಬೇಕು, ಕೇಳುವ ಗಾಡಿಯೂ ಅದನ್ನು ಓದಬೇಕು. ಇಲ್ಲದಿದ್ದರೆ ಹಿಂದಿನ ಕಾರಿನ ಲೆಕ್ಕದಲ್ಲಿ ಟ್ರ್ಯಾಕ್ಟರಿನ ಬೆನ್ನಿಗೇ ಗಾಡಿ ಮುಗಿಯಿತು. ಟ್ರ್ಯಾಕ್ಟರ್ ನಿಂತಿದೆ ಅನ್ನು, ಬಾಲ 10 ಮೀಟರ್ ಹಿಂದಿದ್ದರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಕಾರಿಗೆ ಎಚ್ಚರಿಕೆ 0.6 ಸೆಕೆಂಡ್ ತಡ. ತಿರುವಿನಲ್ಲಿ ಕೊನೆಯ ಟ್ರೇಲರ್ ಒಳಗೆ ಸರಿಯುತ್ತದೆ, ಟ್ರ್ಯಾಕ್ಟರಿನ ನೇರಕ್ಕೆ ಇರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ರೇಡಿಯೋದ್ದು. ಎತ್ತರಕ್ಕೆ ಹೇರಿದ ಹಸಿ ಕಬ್ಬೆಂದರೆ ನೀರಿನ ಗೋಡೆ, 5.9 ಗಿಗಾಹರ್ಟ್ಜ್ ಅದನ್ನು ದಾಟಲು ಒದ್ದಾಡುತ್ತದೆ. ಮುಂದಿನವರಿಗೆಲ್ಲ ಚೆನ್ನಾಗಿ ಕೇಳಿಸುತ್ತದೆ, ಕೇಳಿಸಬೇಕಾದ ಹಿಂದಿನವನಿಗೇ ಕೇಳಿಸುವುದಿಲ್ಲ. ಆಂಟೆನಾವನ್ನು ಮಾತ್ರ ಬಾಲಕ್ಕೆ ಒಯ್ಯೋಣವೆಂದರೆ ಅಷ್ಟುದ್ದದ ಕೇಬಲ್ಲೇ ಸಿಗ್ನಲ್ ತಿಂದುಬಿಡುತ್ತದೆ. 3 ಡೆಸಿಬೆಲ್ ಹೋದರೆ ಅರ್ಧ ಶಕ್ತಿ ಹೋದಂತೆ. ಪೆಟ್ಟಿಗೆಯನ್ನೇ ಕೊನೆಯ ಟ್ರೇಲರಿಗೆ ಹಾಕಬೇಕು, ಅದಕ್ಕೆ ಬೇರೆ ಬ್ಯಾಟರಿ ಬೇಕು, ಯಾರ ಟ್ರೇಲರ್ ಯಾರ ಟ್ರ್ಯಾಕ್ಟರಿಗೆ ಬಿತ್ತೆಂದು ಪ್ರತಿ ಸಲ ಹೊಂದಿಸಬೇಕು. ಟ್ರ್ಯಾಕ್ಟರ್ ಬ್ಯಾಟರಿಗೇ ಕೊಟ್ಟರೆ ಸೆಲ್ಫ್ ಹೊಡೆದಾಗ ವೋಲ್ಟೇಜ್ ಕುಸಿದು ಪೆಟ್ಟಿಗೆ ರೀಸ್ಟಾರ್ಟ್ ಆಗುತ್ತದೆ, ಜಿಪಿಎಸ್ ಮತ್ತೆ ಜಾಗ ಹುಡುಕುವವರೆಗೆ ಗಾಡಿ ಮೂಕ.

ಹಾಗಾಗಿ ಬರತದೇನು ಅಂದರೆ, ಬರುತ್ತದೆ, ಆದರೆ ನಮ್ಮ ರಸ್ತೆಗೆಂದೇ ಯಾರಾದರೂ ಕೂತು ಪರೀಕ್ಷೆ ಮಾಡಿದರೆ. ಎಂಸಿಟಿಯ ಚೌಕದಲ್ಲಿ ಕಬ್ಬು ಹೇರಿದ ಟ್ರೇಲರ್ ಇಲ್ಲ. ಇಲ್ಲಿ ಕೈ ಪಳಗಿಸಿಕೊಂಡು, ರಜೆಗೆ ಹೋದಾಗ ನಿಮ್ಮ ಹೊಲದ ದಾರಿಯಲ್ಲಿ ಎರಡು ಪೆಟ್ಟಿಗೆ ಇಟ್ಟು, ಖಾಲಿ ಟ್ರೇಲರಿಗೊಮ್ಮೆ, ಹೇರಿದ ಟ್ರೇಲರಿಗೊಮ್ಮೆ ಹಿಂದಿನಿಂದ ಎಷ್ಟು ದೂರಕ್ಕೆ ಕೇಳಿಸುತ್ತದೆ ಅಂತ ಅಳೆದು ನೋಡು. ಆದರೆ ಅಲ್ಲಿ ರೇಡಿಯೋ ಹಚ್ಚಲು ಪರವಾನಗಿಯ ನಿಯಮ ಏನೆಂದು ಮೊದಲು ಕೇಳಿಕೊಂಡೇ ಹಚ್ಚು. ಅದಕ್ಕೂ ಮುಂಚೆ ನಿಮ್ಮ ಮನೆಯ ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಇಲ್ಲದಿದ್ದರೆ ವಿಮಾನ ಹತ್ತುವ ಮೊದಲೇ ಅಂಟಿಸಿ ಬಾ, ಜೋತ ಕಬ್ಬು ಮುಚ್ಚದ ಕಡೆ.