ಓದುಗರ ಪ್ರಶ್ನೆ: ಮೊನಾರ್ಕ್ ಚಿಟ್ಟೆ ಈ ವಸಂತದಲ್ಲಿ ಯಾವಾಗ ಬಂದೀತು?

ಪ್ರಶ್ನೆ: ನಾವಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಹಿತ್ತಲಲ್ಲಿ ಮೊನಾರ್ಕ್‌ನ ಮರಿಹುಳು ತಿನ್ನುವ ಮಿಲ್ಕ್‌ವೀಡ್ ಗಿಡ ಬೆಳೆಸಿದ್ದೇವೆ. ಜನ ಹಿಂದಿನ ವರ್ಷಗಳಲ್ಲಿ ಮೊನಾರ್ಕ್ ಕಂಡ ದಿನಗಳ ದಾಖಲೆ ‘ಜರ್ನಿ ನಾರ್ತ್’ ಎಂಬ ಜಾಲತಾಣದಲ್ಲಿ ಸಿಗುತ್ತದೆ. ಪ್ರತಿ ವರ್ಷದ ಮೊದಲ ತಾರೀಖುಗಳ ಸರಾಸರಿ ತೆಗೆದರೆ ಈ ಸಲ ಬರುವ ದಿನ ಗೊತ್ತಾಗುತ್ತದೆಯೇ?

ಉತ್ತರ: ಸರಾಸರಿ ಬೇಡ, ಮಧ್ಯಾಂಕ (ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಅಂಕಿ) ತೆಗೆಯಿರಿ. ತಾರೀಖನ್ನು ಮೊದಲು ದಿನಸಂಖ್ಯೆ ಮಾಡಿಕೊಳ್ಳಿ: ಜನವರಿ 1 ಎಂದರೆ 1, ಮೇ 15 ಎಂದರೆ 135. ಅಧಿಕ ವರ್ಷದಲ್ಲಿ ಫೆಬ್ರವರಿ ದಾಟಿದ ಮೇಲೆ ಒಂದು ಹೆಚ್ಚಾಗುವುದನ್ನು ಮರೆಯಬೇಡಿ. ಲೆಕ್ಕ ತೋರಿಸಲು ಒಂಬತ್ತು ವರ್ಷದ ಅಂಕಿಗಳನ್ನು ಹೀಗೆ ಇಟ್ಟುಕೊಳ್ಳೋಣ: 112, 128, 131, 133, 134, 136, 137, 139, 141. ನಡುವಿನದು 134, ಅಂದರೆ ಮೇ 14. ಸರಾಸರಿ ತೆಗೆದರೆ ಮೇ 12 ಬರುತ್ತದೆ. 112 ಎಂಬ ಒಂದೇ ಅಂಕಿ ಅದನ್ನು ಎರಡು ದಿನ ಹಿಂದಕ್ಕೆ ಎಳೆದಿದೆ. ಎರಡೂ ತುದಿಯ ಒಂದೊಂದು ಅಂಕಿ ಬಿಟ್ಟರೆ ಉಳಿಯುವುದು ಮೇ 8ರಿಂದ 19. ಒಂದೇ ದಿನವನ್ನು ಹೇಳುವುದಕ್ಕಿಂತ ಈ ಅವಧಿಯನ್ನು ಹೇಳುವುದೇ ಪ್ರಾಮಾಣಿಕ.

ಆ 112ರಂಥ, ಉಳಿದವಕ್ಕಿಂತ ತೀರಾ ಮುಂಚಿನ ದಾಖಲೆಯ ಫೋಟೋ ಇದ್ದರೆ ತೆಗೆದು ನೋಡಿ. ಹಿಂದಿನ ರೆಕ್ಕೆಗೆ ಅಡ್ಡಲಾಗಿ ಒಂದು ಕಪ್ಪು ಗೆರೆ ಇದ್ದರೆ ಅದು ಮೊನಾರ್ಕ್ ಅಲ್ಲ, ಅದನ್ನೇ ಹೋಲುವ ವೈಸರಾಯ್ ಚಿಟ್ಟೆ. ಯಾರೋ ಮನೆಯಲ್ಲಿ ಸಾಕಿ ಹಾರಿಬಿಟ್ಟದ್ದೂ ಇರಬಹುದು.

ಇದಕ್ಕಿಂತ ದೊಡ್ಡ ತೊಡಕು ನೋಡುವವರ ಸಂಖ್ಯೆಯದು. ಹತ್ತು ಜನ ನೋಡುತ್ತಿದ್ದ ಊರಲ್ಲಿ ನೂರು ಜನ ನೋಡತೊಡಗಿದರೆ, ಚಿಟ್ಟೆ ಎಂದಿನಂತೆ ಬಂದರೂ ಮೊದಲ ವರದಿ ಬೇಗ ಬರುತ್ತದೆ. ಹವಾಮಾನ ಬದಲಾವಣೆ ಎಂದು ಅದನ್ನೇ ತಪ್ಪಾಗಿ ಓದುವವರು ಬಹಳ. ಆದ್ದರಿಂದ ಮೊದಲ ವರದಿಯ ಬದಲು, ಜೂನ್ ಕೊನೆಯವರೆಗಿನ ಒಟ್ಟು ವರದಿಗಳಲ್ಲಿ ಶೇ. 10ರಷ್ಟು ಬಂದು ಮುಗಿದ ದಿನವನ್ನು ಪ್ರತಿ ವರ್ಷಕ್ಕೂ ಗುರುತಿಸಿ. ದಾಖಲೆಗಳನ್ನು ನಿಮ್ಮ 45 ಡಿಗ್ರಿ ಅಕ್ಷಾಂಶದಿಂದ ಉತ್ತರಕ್ಕೂ ದಕ್ಷಿಣಕ್ಕೂ ಅರ್ಧ ಡಿಗ್ರಿ, ಅಂದರೆ ಸುಮಾರು 55 ಕಿ.ಮೀ. ಒಳಗೆ ಮಾತ್ರ ಆಯ್ದುಕೊಳ್ಳಿ. ಇಡೀ ರಾಜ್ಯದ್ದು ತೆಗೆದುಕೊಂಡರೆ ದಕ್ಷಿಣದ ಊರುಗಳು ನಿಮ್ಮ ಅಂದಾಜನ್ನು ಬೇಗ ಮಾಡಿಬಿಡುತ್ತವೆ.

ಈ ವರ್ಷದ ಸುಳಿವು ಇರುವುದು ಟೆಕ್ಸಾಸ್‌ನಲ್ಲಿ. ಮೆಕ್ಸಿಕೋದ ಓಯಮೆಲ್ (ಒಂದು ಬಗೆಯ ಫರ್ ಮರ) ಕಾಡುಗಳಲ್ಲಿ ಚಳಿಗಾಲ ಕಳೆದ ಚಿಟ್ಟೆಗಳು ಮಾರ್ಚ್‌ನಲ್ಲಿ ಹೊರಟು, ಬಣ್ಣ ಮಾಸಿದ ಹರಕು ರೆಕ್ಕೆಗಳಲ್ಲಿ ಟೆಕ್ಸಾಸ್ ತಲುಪಿ ಮೊಟ್ಟೆಯಿಡುತ್ತವೆ. ನಿಮ್ಮ ಹಿತ್ತಲಿಗೆ ಬರುವವು ಬಹುಪಾಲು ಅವುಗಳ ಮಕ್ಕಳು. ಮೊಟ್ಟೆ ಚಿಟ್ಟೆಯಾಗಲು 11.5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಸುಮಾರು 350 ‘ಡಿಗ್ರಿ-ದಿನ’ ಬೇಕು, ಅಂದರೆ ಪ್ರತಿದಿನ 11.5ಕ್ಕಿಂತ ಹೆಚ್ಚಿರುವ ಡಿಗ್ರಿಗಳನ್ನು ಕೂಡುತ್ತ ಹೋದರೆ 350 ಆಗಬೇಕು. ದಿನದ ಸರಾಸರಿ ಉಷ್ಣತೆ 23 ಇದ್ದರೆ ದಿನಕ್ಕೆ 11.5 ಜಮೆಯಾಗಿ ಸುಮಾರು 30 ದಿನ ಹಿಡಿಯುತ್ತದೆ. 20 ಇದ್ದರೆ 41 ದಿನ. ಹಾಗಾಗಿ ಅಲ್ಲಿ ಏಪ್ರಿಲ್ ತಣ್ಣಗಿದ್ದರೆ ನಿಮ್ಮ ಅವಧಿಯ ಕೊನೆಯ ಭಾಗವನ್ನು ನಂಬಿ. ಆಮೇಲೆ ಬೇಕಾದದ್ದು ದಕ್ಷಿಣದ ಗಾಳಿ. ಎದುರುಗಾಳಿ, ಮಳೆ ಹಿಡಿದರೆ ಇನ್ನೂ ತಡ.

ಚಿಟ್ಟೆ ಕಣ್ತಪ್ಪಿಸಿ ಹೋದರೂ ಮೊಟ್ಟೆ ಸಿಗುತ್ತದೆ. ಚಿಗುರಿದ ಮಿಲ್ಕ್‌ವೀಡ್ ಎಲೆಗಳ ಅಡಿಭಾಗ ನೋಡಿ: ಕೆನೆಬಣ್ಣದ, ಗುಂಡುಸೂಜಿಯ ತಲೆಯಷ್ಟು ಸಣ್ಣ, ಉದ್ದುದ್ದ ಏಣುಗಳಿರುವ ಮೊಟ್ಟೆ ಒಂಟಿಯಾಗಿ ಅಂಟಿರುತ್ತದೆ. ನೋಡಿಯೂ ಏನೂ ಕಾಣದ ದಿನಗಳನ್ನೂ ಬರೆದಿಡಿ.

ಪ್ರಶ್ನೆ: ಇದೇ ಲೆಕ್ಕ ಕರ್ನಾಟಕದ ವಲಸೆ ಚಿಟ್ಟೆಗಳಿಗೂ ನಡೆಯುತ್ತದೆಯೇ?

ಉತ್ತರ: ಮಧ್ಯಾಂಕದ ಲೆಕ್ಕ ನಡೆಯುತ್ತದೆ, ಅಕ್ಷಾಂಶದ್ದು ನಡೆಯುವುದಿಲ್ಲ. ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಮುಂತಾದವು ಮುಂಗಾರಿಗೆ ಮುನ್ನ ಪಶ್ಚಿಮ ಘಟ್ಟ ಬಿಟ್ಟು ಪೂರ್ವದ ಬಯಲಿಗೆ ಬಂದು, ಮಳೆ ಮುಗಿಯುವ ಹೊತ್ತಿಗೆ ಮರಳುತ್ತವೆ. ಇಲ್ಲಿ ಚಿಟ್ಟೆ ಹಾರಿದ ದಿಕ್ಕು, ಸಮಯ, ಹದಿನೈದು ನಿಮಿಷದಲ್ಲಿ ದಾಟಿದ ಸಂಖ್ಯೆ ಬೇಕು. ಜೊತೆಗೆ ಆ ವಾರದ ಮಳೆಯನ್ನು ಬರೆಯಿರಿ. ದಿಕ್ಕಿಲ್ಲದ ದಾಖಲೆಯಲ್ಲಿ ವಲಸೆಯ ಚಿಟ್ಟೆ ಯಾವುದು, ಅಲ್ಲೇ ಹೂವಿಗೆ ಬಂದದ್ದು ಯಾವುದು ಎಂದು ಆಮೇಲೆ ಬೇರ್ಪಡಿಸಲಾಗದು.