ಅತ್ತೆಯ ಹಣೆಗೆ ಅಂಟಿಸಿದ ಚೀಟಿ

*ನನಗೆ 33 ವರ್ಷ. ಊರು ಶಿಡ್ಲಘಟ್ಟ. ಬಿ.ಕಾಂ. ಮುಗಿಸಿದ್ದೇನೆ. ನಮ್ಮದು ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆ. ಪತಿ ಮತ್ತು ಅತ್ತೆ ಘಟಕ ನೋಡಿಕೊಳ್ಳುತ್ತಾರೆ, ಲೆಕ್ಕಪತ್ರ ನನ್ನದು. 2024ರ ಜುಲೈನಲ್ಲಿ ಮಾನ್ಯತೆ ಇರುವ ವಿಶ್ವವಿದ್ಯಾಲಯವೊಂದರಲ್ಲಿ ಆನ್‌ಲೈನ್ ಮೂಲಕ ಎಂ.ಎ. ಮನೋವಿಜ್ಞಾನಕ್ಕೆ ಸೇರಿದೆ. ಓದುತ್ತ ಹೋದಂತೆ ಈ ಮನೆ ಏಕೆ ಹೀಗಿದೆ ಎಂಬುದು ಅರ್ಥವಾಗತೊಡಗಿತು. ಅತ್ತೆಯದು ತಾನೇ ಮೇಲು ಎನ್ನುವ ನಾರ್ಸಿಸಿಸ್ಟ್ ವ್ಯಕ್ತಿತ್ವ. ಪತಿಯದು ಭಾವನೆಗಳಿಂದ ದೂರ ಓಡುವ ಸ್ವಭಾವ. ಎಂಟು ವರ್ಷದ ಮಗಳಲ್ಲಿ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆಯ ಲಕ್ಷಣಗಳಿವೆ. ಶಾಲೆಯವರಿಗೆ ಇನ್ನೂ ಗೊತ್ತಾಗಿಲ್ಲ. ಇದನ್ನೆಲ್ಲ ವಿವರಿಸಿದರೆ ಜಗಳ. ಕಳೆದ ತಿಂಗಳು ಪತಿ ಊಟದ ತಟ್ಟೆ ಬಿಟ್ಟು ಎದ್ದುಹೋದರು. ಆನ್‌ಲೈನ್ ಮನೋವಿಜ್ಞಾನವನ್ನು ಸರ್ಕಾರವೇ ನಿಲ್ಲಿಸಿದೆ, ತಂತಿಯಲ್ಲಿ ಕಲಿಯುವ ವಿದ್ಯೆಯಲ್ಲ ಇದು ಎಂದು ಭಾವ ಪತ್ರಿಕೆ ತಂದು ತೋರಿಸಿದರು. ನನಗೆ ಇಂಟರ್ನ್‌ಶಿಪ್ ಮತ್ತು ಪ್ರಾಜೆಕ್ಟ್ ಬಾಕಿ ಇವೆ. ಬೀದಿಯ ಹೆಂಗಸರು ನನ್ನ ಹತ್ತಿರ ಬಂದು ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ. ಎರಡು ವರ್ಷದಿಂದ ಖಿನ್ನತೆಯ ಮಾತ್ರೆ ನುಂಗುತ್ತಿದ್ದ ಒಬ್ಬರಿಗೆ ಮಾತ್ರೆ ಬಿಡಿಸಿ ಉಸಿರಾಟದ ವ್ಯಾಯಾಮ ಕಲಿಸಿದೆ, ಈಗ ಚೆನ್ನಾಗಿದ್ದಾರೆ. ಹೊರಗಿನವರಿಗೆ ಬೇಕಾದ ನಾನು ಮನೆಯವರಿಗೆ ಬೇಡ. ಓದು ಬಿಡಲೇ?*

*— ಹೆಸರು ಬೇಡ*

ಮಾತ್ರೆಯ ಸಂಗತಿಯನ್ನು ಪತ್ರದ ಕೊನೆಯಲ್ಲಿ, ಸಾಧನೆಯ ಹಾಗೆ ಬರೆದಿದ್ದೀರಿ. ನಾನು ಅಲ್ಲಿಂದಲೇ ಆರಂಭಿಸಬೇಕಾಗಿದೆ. ಈ ಪತ್ರಿಕೆಯನ್ನು ಮಡಿಸಿಟ್ಟು ಆ ಹೆಂಗಸಿನ ಮನೆಗೆ ಹೋಗಿ. "ನಾನು ಹೇಳಿದ್ದು ತಪ್ಪು, ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಕೂಡಲೇ ಕಾಣಿ" ಎಂದು ಬಾಯಿಬಿಟ್ಟು ಹೇಳಿ. ಖಿನ್ನತೆಯ ಮಾತ್ರೆಗಳನ್ನು ವೈದ್ಯರು ನಿಲ್ಲಿಸುವುದಾದರೂ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಬರಬಹುದು. ಅವು ಬರಲಿಲ್ಲವೆಂದರೂ ನಿಶ್ಚಿಂತೆಯಿಂದ ಇರುವಂತಿಲ್ಲ, ಏಕೆಂದರೆ ಮೂಲ ಕಾಯಿಲೆ ವಾರಗಳೋ ತಿಂಗಳುಗಳೋ ಕಳೆದು ಮರಳಬಹುದು. ನಿಮಗೆ ಕಾಣುತ್ತಿರುವ "ಈಗ ಚೆನ್ನಾಗಿದ್ದಾರೆ" ಎಷ್ಟು ದಿನದ್ದು? ಆ ವೈದ್ಯರು ದೂರವಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಯಾವ ದಿನ ನಡೆಯುತ್ತದೆಂದು ವಿಚಾರಿಸಿ ನೀವೇ ಕರೆದುಕೊಂಡು ಹೋಗಿ. ರಾತ್ರಿ ಹೊತ್ತು ಏನಾದರೂ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಆ ಸಂಖ್ಯೆಯನ್ನು ಆಕೆಯ ಮೊಬೈಲಿನಲ್ಲಿ ಉಳಿಸಿಕೊಟ್ಟು ಬನ್ನಿ.

ಮಿಕ್ಕ ಮಾತು ಅದಾದ ಮೇಲೆ ಓದಿ.

ನಿಮ್ಮ ಭಾವ ತೋರಿಸಿದ ಸುದ್ದಿ ಸುಳ್ಳಲ್ಲ, ಅರ್ಧ ಅಷ್ಟೆ. ಆರೋಗ್ಯಕ್ಕೆ ಸಂಬಂಧಿಸಿದ ವೃತ್ತಿಗಳಿಗಾಗಿ 2021ರಲ್ಲಿ ಒಂದು ರಾಷ್ಟ್ರೀಯ ಕಾಯ್ದೆ ಬಂತು. ಅದರ ವ್ಯಾಪ್ತಿಗೆ ಬರುವ ವಿಷಯಗಳನ್ನು 2025ರ ಜುಲೈ–ಆಗಸ್ಟ್ ಅವಧಿಯಿಂದ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕಲಿಸಬಾರದು, ಹೊಸಬರನ್ನು ಸೇರಿಸಿಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ ಹೇಳಿತು. ಮನೋವಿಜ್ಞಾನವೂ ಆ ಪಟ್ಟಿಯಲ್ಲಿದೆ. ನೀವು ಸೇರಿದ್ದು ಅದಕ್ಕೂ ಒಂದು ವರ್ಷ ಮೊದಲು. ಮಾನ್ಯತೆ ಇರುವ ಸಂಸ್ಥೆಯಿಂದ ಆನ್‌ಲೈನಿನಲ್ಲಿ ಪಡೆದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಇದೇ ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ನೀವು ಸೇರಿದ ವರ್ಷ ನಿಮ್ಮ ಕೋರ್ಸಿಗೆ ಮಾನ್ಯತೆ ಇತ್ತು ಎಂಬುದಕ್ಕೆ ವಿಶ್ವವಿದ್ಯಾಲಯದಿಂದ ಒಂದು ಪತ್ರ ತರಿಸಿ ಅಂಕಪಟ್ಟಿಗಳ ಜೊತೆ ಇಡಿ. ಆದ್ದರಿಂದ ಓದು ಬಿಡಬೇಡಿ, ಮುಗಿಸಿ. ಹಾಗೆಯೇ, ನಿಮ್ಮನ್ನು ನೋಡಿ ತಾವೂ ಸೇರಬೇಕೆಂದಿರುವ ಗೆಳತಿಯರಿಗೆ ಈ ಬಾಗಿಲು ಮುಚ್ಚಿದೆ ಎಂದು ತಿಳಿಸಿ. ಫೋನು ಮಾಡಿ "ಇವತ್ತೇ ಕೊನೆಯ ದಿನ" ಎನ್ನುವ ಏಜೆಂಟರಿಗೆ ಅವರು ದುಡ್ಡು ಕೊಡದಿರಲಿ.

ತಂತಿಯಲ್ಲಿ ಕಲಿಯುವ ವಿದ್ಯೆಯಲ್ಲ ಎಂಬ ಮಾತಿಗೆ ಒಂದು ಹಳೆಯ ಕಥೆ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ಒಂದು ರೇಡಿಯೊ ಕೇಂದ್ರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ನಮಗೆ ಬಂದದ್ದು ಅಲ್ಲಿಂದ. ಭಾವನವರಿಗೆ ಇದನ್ನು ಹೇಳಿ, ಆದರೆ ಊಟದ ಹೊತ್ತಿನಲ್ಲಿ ಬೇಡ.

ಹಾಗಂತ ಅವರ ಮಾತಿನಲ್ಲಿ ಹುರುಳಿಲ್ಲವೆಂದೂ ಅಲ್ಲ. ಕಾಲೇಜಿಗೆ ಹೋಗಿ ಓದುವವರಿಗೆ ಪಕ್ಕದಲ್ಲಿ ಸಹಪಾಠಿಗಳಿರುತ್ತಾರೆ. ಹೊಸದಾಗಿ ಕಲಿತ ರೋಗಗಳ ಹೆಸರನ್ನು ಅವರು ಮೊದಲು ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ, ಆಮೇಲೆ ತಮ್ಮಲ್ಲೇ ಆ ರೋಗಗಳನ್ನೆಲ್ಲ ಕಂಡು ಗಾಬರಿಯಾಗುತ್ತಾರೆ, ಕೊನೆಗೆ ಮೇಷ್ಟ್ರು ಗದರುತ್ತಾರೆ. ವೈದ್ಯಕೀಯ ವಿದ್ಯಾರ್ಥಿಗಳಲ್ಲೂ ಇದು ಹಳೆಯ ಚಾಳಿ. ನಿಮಗೆ ಸಹಪಾಠಿಯೂ ಇಲ್ಲ, ಗದರುವವರೂ ಇಲ್ಲ. ರಾತ್ರಿ ಬಾಗಿಲು ಹಾಕಿಕೊಂಡು ಇಯರ್‌ಫೋನಿನಲ್ಲಿ ವ್ಯಕ್ತಿತ್ವ ದೋಷಗಳ ಪಾಠ ಕೇಳಿ ಬಾಗಿಲು ತೆರೆದರೆ ಎದುರಿಗೆ ಸಿಗುವವರು ಮೂವರೇ. ಪ್ರಯೋಗಾಲಯವಿಲ್ಲದ ಕೋರ್ಸಿನಲ್ಲಿ ಅಡುಗೆಮನೆಯೇ ನಿಮ್ಮ ಪ್ರಯೋಗಾಲಯವಾಗಿದೆ. ಪತಿ ತಟ್ಟೆ ಬಿಟ್ಟು ಎದ್ದದ್ದು ನೀವು ಓದುತ್ತೀರಿ ಎಂದಲ್ಲ. ಮುದ್ದೆ ಮುರಿಯುವಾಗಲೂ ಯಾರೋ ತಮ್ಮನ್ನು ಅಳೆಯುತ್ತಿದ್ದಾರೆ ಎಂದರೆ ಯಾರಿಗೆ ತುತ್ತು ಇಳಿದೀತು?

ಅತ್ತೆಯ ವಿಷಯಕ್ಕೆ ಬರೋಣ. ನೀವು ಅಂಟಿಸಿದ ನಾರ್ಸಿಸಿಸ್ಟ್ ಎಂಬ ಚೀಟಿಗೆ, ಮಾನಸಿಕ ಕಾಯಿಲೆಗಳನ್ನು ಗುರುತಿಸಲು ತಜ್ಞರು ಬಳಸುವ ಕೈಪಿಡಿ ಡಿಎಸ್‌ಎಮ್-5ರಲ್ಲಿ ಒಂಬತ್ತು ಲಕ್ಷಣಗಳಿವೆ, ಕನಿಷ್ಠ ಐದಾದರೂ ಇರಬೇಕು. ಅವೂ ಯೌವನದ ಆರಂಭದಿಂದಲೇ, ಬದುಕಿನ ಹಲವು ಕಡೆ ಕಾಣಬೇಕು. ಸೊಸೆಯ ಎದುರಿಗೆ ಮಾತ್ರ ಕಂಡರೆ ಲೆಕ್ಕಕ್ಕಿಲ್ಲ. ಘಟಕದ ಕೆಲಸಗಾರರ ಜೊತೆ, ಗೂಡು ಮಾರುಕಟ್ಟೆಯಲ್ಲಿ, ತವರಿನ ಅಣ್ಣತಮ್ಮಂದಿರ ಜೊತೆ ಆಕೆ ಹೇಗಿರುತ್ತಾರೆ ಎಂದು ನೀವು ಒಂದು ಸಾಲೂ ಬರೆದಿಲ್ಲ. ಆಕೆಯಂತೂ ಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಬೆಲೆ ಕಟ್ಟುವವರಲ್ಲ ಎಂದುಕೊಂಡಿದ್ದೇನೆ. ಮಗಳಿಗೂ ಇದೇ ಮಾತು. ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು ಆರು ತಿಂಗಳಾದರೂ ಇರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಯಾದರೂ ಕಾಣಬೇಕು. ಶಾಲೆಯವರಿಗೆ ಗೊತ್ತಾಗಿಲ್ಲ ಎಂದಿದ್ದೀರಿ. ಗೊತ್ತಾಗಲು ಅಲ್ಲಿ ಏನೂ ಇಲ್ಲದಿರಬಹುದಲ್ಲವೇ? ಅನುಮಾನ ಹೋಗದಿದ್ದರೆ ಮಕ್ಕಳ ತಜ್ಞರಿಗೆ ತೋರಿಸಿ. ತಾಯಿ ತಾಯಿಯಾಗಿಯೇ ಇರಲಿ. ಪರಿಣತರು ಕೂಡ ಸ್ವಂತ ಮನೆಯವರಿಗೆ ಚಿಕಿತ್ಸೆ ಕೊಡಲು ಹೋಗುವುದಿಲ್ಲ.

ನಿಮ್ಮ ಸಾಮಾಜಿಕ ಮನೋವಿಜ್ಞಾನದ ಪಾಠದಲ್ಲಿ ಬಂದೇ ಇರುತ್ತದೆ, ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ಹೆಸರಿಟ್ಟ ತಪ್ಪು ಅದು: ಬೇರೆಯವರ ನಡತೆಗೆ ಅವರ ಸ್ವಭಾವವನ್ನು ದೂರುತ್ತೇವೆ, ಅವರ ಪರಿಸ್ಥಿತಿಯನ್ನು ಮರೆಯುತ್ತೇವೆ. ಪರೀಕ್ಷೆಯಲ್ಲಿ ಬಂದಿದ್ದರೆ ನೀವು ಚೆನ್ನಾಗಿಯೇ ಬರೆದಿರುತ್ತೀರಿ. ಗೂಡಿನ ಬೆಲೆ ಏರಿ ನೂಲಿನ ಬೆಲೆ ಇಳಿದ ವಾರ ನಿಮ್ಮ ಪತಿ ಎಷ್ಟು ಮಾತಾಡುತ್ತಾರೆ? ಆ ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲೇ ಇದೆ. ಅವರು ಮೌನವಾದ ದಿನಗಳ ಪಕ್ಕದಲ್ಲಿ ಅಂದಿನ ವ್ಯಾಪಾರವನ್ನು ಇಟ್ಟು ನೋಡಿ. ಬಿ.ಕಾಂ. ಓದಿದವರಿಗೆ ಇದು ಕಷ್ಟವಲ್ಲ.

ಇಂಟರ್ನ್‌ಶಿಪ್ಪನ್ನು ಆನ್‌ಲೈನಿನಲ್ಲಿ ತೇಲಿಸಿ ಮುಗಿಸಬೇಡಿ. ಹಣ ಪಡೆದು ಪ್ರಮಾಣಪತ್ರ ಮೇಲ್ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಿ ನೋಡಿ. ಅಲ್ಲಿ ಆಗದಿದ್ದರೆ ಬೆಂಗಳೂರಿಗೆ ಓಡಾಡಬೇಕಾದರೂ ಸರಿ, ಅನುಭವಿಯೊಬ್ಬರ ಪಕ್ಕದಲ್ಲಿ ಕುಳಿತು ಕಲಿಯಿರಿ. ನೀವು ತಪ್ಪು ಹೇಳಿದ ಕೂಡಲೇ "ಅಲ್ಲ" ಎನ್ನುವ ಒಬ್ಬರು ನಿಮಗೆ ಬೇಕು.

ಈ ಎಂ.ಎ. ಒಂದರಿಂದ ನೀವು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಒಪ್ಪಿದ ತರಬೇತಿ ಮತ್ತು ಅಲ್ಲಿನ ನೋಂದಣಿ ಬೇಕು. ಆ ಕೋರ್ಸುಗಳ ಸ್ವರೂಪ ಈಗ ಬದಲಾಗುತ್ತಿದೆ, ಆದ್ದರಿಂದ ಅವರ ಜಾಲತಾಣವನ್ನೇ ನೋಡಿ. ಶಾಲೆಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ ಸಮಾಲೋಚಕರ ಕೆಲಸ ಹುಡುಕಬಹುದು, ಯುಜಿಸಿ-ನೆಟ್ ಎಂಬ ಅರ್ಹತಾ ಪರೀಕ್ಷೆ ಬರೆದು ಬೋಧನೆಗೂ ಹೋಗಬಹುದು. ಅಲ್ಲಿಯವರೆಗೆ ಬೀದಿಯ ಹೆಂಗಸರು ಬಂದರೆ ಬರಲಿ. ಕಾಫಿ ಕೊಡಿ, ಕೇಳಿಸಿಕೊಳ್ಳಿ, ಅವರ ಮಾತನ್ನು ಹೊರಗೆ ಬಿಡಬೇಡಿ. ರೋಗ, ಮಾತ್ರೆ, ಸಾಯುವ ಮಾತು ಬಂದರೆ ವೈದ್ಯರ ಹತ್ತಿರ ಕಳುಹಿಸಿ. ಕೇಳಿಸಿಕೊಳ್ಳುವ ಗುಣ ನಿಮ್ಮಲ್ಲಿ ಮೊದಲೇ ಇತ್ತು ಎಂದು ತೋರುತ್ತದೆ, ಇಲ್ಲದಿದ್ದರೆ ಅವರು ಬರುತ್ತಿರಲಿಲ್ಲ. ಮನೆಯವರ ಪಾಲಿಗೆ ಅದು ಎಂದು ನಿಂತಿತು ಎಂದು ನೀವೇ ನೋಡಿಕೊಳ್ಳಿ.

ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ, ಬಿಸಿನೀರಿನಲ್ಲಿ ಕೈಯಿಟ್ಟು ದಿನವಿಡೀ ನೂಲು ತೆಗೆಯುವ ಹೆಂಗಸರ ನಿದ್ದೆ, ದಣಿವು, ಚಿಂತೆಗಳ ಬಗ್ಗೆ ನಿಮ್ಮ ಮಾರ್ಗದರ್ಶಕರ ಒಪ್ಪಿಗೆ ಪಡೆದು ಮಾಡಿ. ಆದರೆ ನಿಮ್ಮದೇ ಘಟಕದವರನ್ನು ಕೇಳಬೇಡಿ. ಮಾಲೀಕರ ಸೊಸೆಗೆ ಅವರು ನಿಜ ಹೇಳುವುದಿಲ್ಲ. ಊರಿನ ಬೇರೆ ಘಟಕಗಳಲ್ಲಿ ಪರಿಚಯ ಇರುವವರು ನಿಮ್ಮ ಅತ್ತೆ. ಒಂದು ಸಂಜೆ ಕೆಲಸ ಮುಗಿದ ಮೇಲೆ ಆಕೆಯ ಪಕ್ಕ ಕುಳಿತು, ಯಾರನ್ನು ಮಾತಾಡಿಸಲಿ ಅತ್ತೆ ಎಂದು ಕೇಳಿ. ಹೋಗುವಾಗ ಕೈಯಲ್ಲಿ ನೋಟ್‌ಬುಕ್ ಇರಬಾರದು.