‘ಮದುವೆ ಗ್ರ್ಯಾಂಡಾಗಿ ಮಾಡಿಕೊಡಿ, ಸಾಕು’

ನನ್ನ ಬಳಿ ಆಪ್ತ ಸಮಾಲೋಚನೆಗೆ ಬಂದ ಒಂದು ಮನೆಯವರ ಕಥೆ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ರಾಜಾಜಿನಗರದ ಆ ಮನೆಯಿಂದ ಮೊದಲು ಬಂದವಳು ಮಗಳು. 27 ವರ್ಷ, ಕೆಲಸದಲ್ಲಿದ್ದಾಳೆ. ಮದುವೆಗೆ ಮೂರೇ ತಿಂಗಳಿತ್ತು. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದಳು. ಹುಡುಗ ಇಷ್ಟ ಇಲ್ವಾ ಎಂದು ಕೇಳಿದೆ. ‘ತುಂಬಾ ಇಷ್ಟ ಮೇಡಂ. ಅದಕ್ಕೇ ಬಾಯಿ ಬಿಡೋಕಾಗ್ತಿಲ್ಲ’ ಎಂದಳು.

ಗಂಡಿನ ಕಡೆಯವರು ವರದಕ್ಷಿಣೆ ಎಂಬ ಮಾತೇ ಎತ್ತಿರಲಿಲ್ಲ. ‘ನಮಗೇನೂ ಬೇಡ, ಮದುವೆ ಗ್ರ್ಯಾಂಡಾಗಿ ಮಾಡಿಕೊಡಿ, ಸಾಕು’ ಎಂದಿದ್ದರು. ಆಮೇಲೆ ಒಂದೊಂದೇ ಬಂತು. ಕನಕಪುರ ರಸ್ತೆಯಲ್ಲಿ ದೊಡ್ಡ ಕಲ್ಯಾಣ ಮಂಟಪ. ವರೋಪಚಾರಕ್ಕೆ ಚಿನ್ನದ ಸರ, ಬ್ರೇಸ್‌ಲೆಟ್ಟು. ಹುಡುಗಿಯ ಮೈಮೇಲೆ ಕಾಲು ಕೆಜಿ ಚಿನ್ನ. ನಿವೃತ್ತರಾದ ಅಪ್ಪ ನೆಲಮಂಗಲದ ಸೈಟು ಮಾರಲು ಹೊರಟಿದ್ದರು.

ಮುಂದಿನ ವಾರ ಅಪ್ಪನನ್ನೂ ಕರೆಸಿದೆ. ‘ಹಿಂದಿನಿಂದ ನಡೆದು ಬಂದ ಸಂಪ್ರದಾಯ ಮೇಡಂ, ಬಿಡೋಕಾಗುತ್ತಾ?’ ಎಂದರು. ನಿಮ್ಮ ತಾಯಿಯ ಮದುವೆ ಹೇಗಾಗಿತ್ತು ಎಂದು ಕೇಳಿದೆ. ‘ಊರಲ್ಲೇ, ಮನೆ ಮುಂದೆ ಚಪ್ಪರ ಹಾಕಿ. ತೆರ ಕೊಟ್ಟಿದ್ದು ನಮ್ಮಪ್ಪನ ಕಡೆಯವರು...’ ಎನ್ನುತ್ತಲೇ ಸುಮ್ಮನಾದರು. ತೆರ ಎಂದರೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುತ್ತಿದ್ದ ಹಣ. ಮಗಳು ಅವರನ್ನೇ ನೋಡುತ್ತಿದ್ದಳು. ಆಕೆಗೆ ಅದು ಗೊತ್ತೇ ಇರಲಿಲ್ಲ.

ಆಗ ನಾನು ತಮಿಳುನಾಡಿನ ಪಡೈವೀಡು ಶಾಸನದ ವಿಷಯ ಹೇಳಿದೆ. 1425ರ ಸುಮಾರು, ವಿಜಯನಗರದ ಇಮ್ಮಡಿ ದೇವರಾಯನ ಕಾಲ. ಹೆಣ್ಣಿನ ಅಪ್ಪ ಚಿನ್ನ ತೆಗೆದುಕೊಂಡು ಮಗಳನ್ನು ಕೊಡುವುದು ಆಗ ರೂಢಿಯಲ್ಲಿತ್ತು. ಕನ್ನಡ, ತಮಿಳು, ತೆಲುಗು ಬ್ರಾಹ್ಮಣರು ಸೇರಿ ಇನ್ನು ಮೇಲೆ ಕನ್ಯಾದಾನವೇ ಸೈ ಎಂದು ಒಪ್ಪಂದ ಬರೆಸಿದರು. ಚಿನ್ನ ಕೊಟ್ಟವನಿಗೂ ತೆಗೆದುಕೊಂಡವನಿಗೂ ರಾಜದಂಡ, ಜೊತೆಗೆ ಜಾತಿಯಿಂದ ಹೊರಗೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲೂ ಕೊಡುವುದು, ತೆಗೆದುಕೊಳ್ಳುವುದು ಎರಡೂ ತಪ್ಪೇ. ನಡುವೆ ಚಿನ್ನ ಹೋಗುವ ದಿಕ್ಕು ಮಾತ್ರ ತಿರುಗಿದೆ. ನಿಮ್ಮ ಮನೆಯಲ್ಲೇ ಎರಡು ತಲೆಮಾರಿನಲ್ಲಿ ತಿರುಗಿದೆ ಅಲ್ವಾ ಎಂದೆ.

ತೆರ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. ಅದೂ ಹೆಣ್ಣಿಗೆ ಬೆಲೆ ಕಟ್ಟುವುದೇ. ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವವರಿಗೆ ಮೈಸೂರು ಸಂಸ್ಥಾನದ 1894ರ ಕಾನೂನು ನೆನಪಿಸುತ್ತೇನೆ. ಎಂಟು ತುಂಬದ ಹುಡುಗಿಯರ ಮದುವೆ ತಡೆಯಲು ಕಾನೂನೇ ಬೇಕಾಗಿತ್ತು. ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ.

ಅಪ್ಪನಿಗೆ ಹೇಳಿದ್ದು: ಸೈಟಿನ ಮಾತು ಸದ್ಯಕ್ಕೆ ನಿಲ್ಲಿಸಿ. ಖುಷಿಯಿಂದ ಎಷ್ಟು ಖರ್ಚು ಮಾಡಬಲ್ಲಿರಿ ಎಂದು ಒಂದು ಮೊತ್ತ ಬರೆಯಿರಿ. ಬೀಗರ ಮುಂದೆ ಅಷ್ಟನ್ನೇ ಹೇಳಿ, ಕ್ಷಮೆ ಕೇಳಬೇಡಿ.

ಮಗಳಿಗೆ ಹೇಳಿದ್ದು: ಹುಡುಗನ ಜೊತೆ ಎದುರು ಕೂತು ಮಾತಾಡು, ವಾಟ್ಸಾಪ್‌ನಲ್ಲಿ ಬೇಡ. ‘ನಿಮ್ಮಮ್ಮ ಹೀಗೆ’ ಎಂದು ಶುರು ಮಾಡಬೇಡ. ಅಪ್ಪ ಸೈಟು ಮಾರುತ್ತಿರುವುದನ್ನು ಹೇಳು. ಅವನು ಏನು ಹೇಳುತ್ತಾನೆ ಅನ್ನುವುದಕ್ಕಿಂತ ಆಮೇಲೆ ಏನು ಮಾಡುತ್ತಾನೆ ನೋಡು. ಏನೂ ಮಾಡದಿದ್ದರೆ, ಮದುವೆ ಮುಂದೆ ಹಾಕುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಮೂರನೇ ಸಲ ಹುಡುಗನೂ ಬಂದ. ಸೈಟಿನ ವಿಷಯ ಅವನಿಗೆ ತಿಳಿದೇ ಇರಲಿಲ್ಲ. ಮನೆಯಲ್ಲಿ ಮಾತಾಡಿ, ಖರ್ಚು ಇಬ್ಬರಿಗೂ ಅರ್ಧರ್ಧ ಎಂದು ಒಪ್ಪಿಸಿದ್ದ. ವರೋಪಚಾರ ಬೇಡ ಎಂದದ್ದಕ್ಕೆ ಅವನ ತಾಯಿ ಇನ್ನೂ ಮುನಿಸಿಕೊಂಡಿದ್ದಾರೆ. ಶನಿವಾರ ಅವರನ್ನೂ ಕರೆದುಕೊಂಡು ಬರುತ್ತೇನೆ ಎಂದಿದ್ದಾನೆ.